ಅಟ್ಟದ ಮಣ್ಣು, ಬ್ಯಾರನ್ನಿನ ಹುಲ್ಲು

ಆಗಸ್ಟ್ ತಿಂಗಳಲ್ಲಿ ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಹೊರಟರೆ ಊರೂರಿನ ಅಂಚಿನಲ್ಲಿ ಎತ್ತರದ, ಮುಚ್ಚಿದ ಗೋಡೆಯ ಕಟ್ಟಡಗಳು ಕಾಣುತ್ತವೆ. ತಂಬಾಕು ಹದ ಮಾಡುವ ಬ್ಯಾರನ್‌ಗಳು ಅವು. ಒಲೆಗೆ ಬೆಂಕಿ ಬಿದ್ದ ದಿನದಿಂದ ಐದಾರು ದಿನ ಆ ಮನೆಯವರಿಗೆ ಸರಿಯಾದ ನಿದ್ದೆಯಿಲ್ಲ. ಒಳಗೆ ತೂಗುಹಾಕಿದ ಥರ್ಮಾಮೀಟರನ್ನು ಗಳಿಗೆಗೊಮ್ಮೆ ನೋಡಬೇಕು, ಸೌದೆ ನೂಕಬೇಕು, ಬಾಗಿಲ ಸಂದಿನಲ್ಲಿ ಬಿಸಿಗಾಳಿ ಸೋರಿದರೆ ಮಣ್ಣು ಮೆತ್ತಬೇಕು. ಅದೇ ಅಂಗಳದ ಇನ್ನೊಂದು ಮೂಲೆಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸುವ ಶೆಡ್ಡು, ಅದರ ಮೇಲೆ ಮಕ್ಕಳ ಓದಿಗೆಂದೋ ನೆಂಟರಿಗೆಂದೋ ಎಬ್ಬಿಸಿದ ಒಂದು ರೂಮು. ಏಪ್ರಿಲ್ ಮಧ್ಯಾಹ್ನ ಆ ರೂಮಿನಲ್ಲಿ ಕೂರುವುದು ಕಷ್ಟ. ಡಿಸೆಂಬರ್ ರಾತ್ರಿ ಮಲಗುವುದೂ ಕಷ್ಟ.

ಸೊಪ್ಪಿಗೆ ಸಿಕ್ಕ ಮರ್ಯಾದೆ ಮನುಷ್ಯರಿಗೆ ಸಿಕ್ಕಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ಬಿಸಿ-ತಂಪಿನ ಲೆಕ್ಕ ಮೊದಲಿನಿಂದಲೂ ಹೀಗೆ ತಲೆಕೆಳಗಾಗಿತ್ತೇ ಎಂದರೆ, ಇಲ್ಲ. ಶೆಡ್ಡಿನ ಮೇಲಿನ ರೂಮು ಹೊಸದೇನೂ ಅಲ್ಲ. ಅದರ ಹಿರಿಯ ಕೊಟ್ಟಿಗೆಯ ಮೇಲಿನ ಅಟ್ಟ.

ಮೈಸೂರು ಸೀಮೆಯ ತೊಟ್ಟಿ ಮನೆಯಲ್ಲಿ ಜಗುಲಿ ದಾಟಿದರೆ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಹಜಾರ, ಅಡುಗೆಮನೆ, ದೇವರಮನೆ. ಎಷ್ಟೋ ಮನೆಗಳಲ್ಲಿ ಒಂದು ಪಕ್ಕ ದನಗಳಿಗೇ ಮೀಸಲು. ಕಳ್ಳಕಾಕರ ಭಯ, ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಾದರೆ ಹುಲಿ-ಚಿರತೆಯ ಭಯ. ಹಾಗಾಗಿ ರಾಸುಗಳು ಮನೆಯೊಳಗೇ ಕಣ್ಣಳತೆಯಲ್ಲಿ ಇರಬೇಕಿತ್ತು. ಆ ಕೊಟ್ಟಿಗೆಯ ನೆತ್ತಿಯನ್ನು ಯಾರೂ ಖಾಲಿ ಬಿಡುತ್ತಿರಲಿಲ್ಲ. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಹಲಗೆ ಅಥವಾ ಒತ್ತೊತ್ತಾಗಿ ಜೋಡಿಸಿದ ಬಿದಿರು, ಅದರ ಮೇಲೆ ಸೊಪ್ಪೋ ಹುಲ್ಲೋ ಹಾಸಿ ಕಲಸಿದ ಮಣ್ಣನ್ನು ದಪ್ಪಗೆ ಹೊದಿಸಿ ಮಟ್ಟ ಮಾಡಿ ಸಗಣಿ ಸಾರಿಸಿದರೆ ಅಟ್ಟ ಸಿದ್ಧ. ಏಣಿ ಹತ್ತಿ ಹೋದರೆ ಸೌದೆ, ಬೀಜದ ರಾಗಿ, ತೆಂಗಿನಕಾಯಿ, ಹುಣಸೆಹಣ್ಣು, ನೇಗಿಲ ಬಿಡಿಭಾಗ. ಮಳೆಗಾಲದಲ್ಲಿ ಜೀತದಾಳೋ ಮದುವೆಯಾಗದ ಹುಡುಗರೋ ಮಲಗುತ್ತಿದ್ದದ್ದೂ ಅಲ್ಲೇ.

ಆ ಮಣ್ಣಿನ ಪದರ ಮಾಡುತ್ತಿದ್ದ ಕೆಲಸ ಮೂರು. ಮೇಲಿನ ಹೆಂಚಿನಿಂದಿಳಿಯುವ ಬಿಸಿಲ ಝಳ ಕೆಳಗೆ ಬಾರದಂತೆ ತಡೆಯುವುದು. ಕೆಳಗಿನ ಬಿಸುಪು ಚಳಿಗಾಲದಲ್ಲಿ ಮೇಲೆ ಹೋಗಿ ಹೆಂಚಿನ ಸಂದಿನಲ್ಲಿ ಕಳೆದುಹೋಗದಂತೆ ನೋಡಿಕೊಳ್ಳುವುದು. ಮೂರನೆಯದು ಬೆಂಕಿಯದು: ಹುಲ್ಲಿನ ಮಾಡು ಹೊತ್ತಿಕೊಂಡರೂ ಮಣ್ಣು ಮೆತ್ತಿದ ಅಟ್ಟದ ಕೆಳಗೆ ದನಗಳನ್ನು ಬಿಚ್ಚಿ ಹೊರಗೆ ಅಟ್ಟುವಷ್ಟು ಹೊತ್ತು ಸಿಗುತ್ತಿತ್ತು.

ರಾಸುಗಳೇ ಒಂದು ಒಲೆ ಎನ್ನುವುದನ್ನು ಮರೆಯಬಾರದು. ಮುನ್ನೂರು ಕಿಲೋ ತೂಗುವ ನಾಟಿ ಹಸು ಸುಮ್ಮನೆ ಮಲಗಿ ಮೆಲುಕು ಹಾಕುತ್ತಿದ್ದರೂ ಸುಮಾರು 400 ವ್ಯಾಟ್‌ನಷ್ಟು ಶಾಖ ಬಿಡುತ್ತದೆ. ಮೂರು ರಾಸು ಕಟ್ಟಿದ ಕೊಟ್ಟಿಗೆಯೆಂದರೆ ರಾತ್ರಿಯಿಡೀ ಉರಿಯುವ ಒಂದು ಸಾಧಾರಣ ರೂಮ್ ಹೀಟರ್, ಕರೆಂಟ್ ಬಿಲ್ಲಿಲ್ಲದ್ದು. ವಾಸನೆಯ ವಿಚಾರ ಬೇರೆ.

ಇದೇ ಉಪಾಯವನ್ನು ಇದಕ್ಕಿಂತ ಕಟುವಾದ ಚಳಿಯಲ್ಲಿ ಪಳಗಿಸಿದ್ದವರು ಪಿರಿಯಾಪಟ್ಟಣ ತಾಲ್ಲೂಕಿಗೇ ಬಂದು ನೆಲೆಸಿದರು. ಟಿಬೆಟ್ಟಿನ ಹಳ್ಳಿಮನೆಗಳಲ್ಲಿ ನೆಲಮಟ್ಟದಲ್ಲಿ ಯಾಕ್, ಕುರಿ, ಮೇವು. ಮೇಲಂತಸ್ತಿನಲ್ಲಿ ದಪ್ಪ ಮಣ್ಣಿನ ನೆಲದ ಮೇಲೆ ಸಂಸಾರ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ, 1960-61ರ ಹೊತ್ತಿಗೆ, ಬೈಲಕುಪ್ಪೆಯ ಕಾಡು ಕಡಿದು ನಿರಾಶ್ರಿತರಿಗೆ ಜಾಗ ಮಾಡಿಕೊಡಲಾಯಿತು. ಮೊದಮೊದಲು ಡೇರೆ ಮತ್ತು ಬಿದಿರಿನ ಗುಡಿಸಲು. ಆಮೇಲೆ ಇಟ್ಟಿಗೆ ಗೋಡೆ, ಮಂಗಳೂರು ಹೆಂಚು. ಹಿಮದ ನಾಡಿನವರಿಗೆ ಇಲ್ಲಿ ಕಾದಿದ್ದ ತೊಂದರೆ ಉಲ್ಟಾ. ಬಿಸಿ ಉಳಿಸಿಕೊಳ್ಳುವುದಲ್ಲ, ಬಿಸಿಯಿಂದ ಉಳಿಯುವುದು. ಕೊಟ್ಟಿಗೆಯ ಮೇಲೆ ಮಲಗುವ ಪದ್ಧತಿ ಇಲ್ಲಿಯವರೆಗೆ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ.

ಅಟ್ಟಕ್ಕೆ ಮರ ಬೇಕು, ಮರಕ್ಕೆ ಹುಣಸೂರು. ಲಕ್ಷ್ಮಣತೀರ್ಥದ ದಡದ ಈ ಊರು ಹತ್ತೊಂಬತ್ತನೆಯ ಶತಮಾನದಲ್ಲಿ ಅಮೃತಮಹಲ್ ದನಗಳ ಪೋಷಣೆಯ ಕೇಂದ್ರವಾಗಿತ್ತು. ಮದರಾಸು ಸೈನ್ಯದ ಸರಂಜಾಮು ಇಲಾಖೆ ಇಲ್ಲಿ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ ಮತ್ತು ಮರದ ಡಿಪೋ ನಡೆಸುತ್ತಿತ್ತು. 1864ರಲ್ಲಿ ಅವೆಲ್ಲ ಮುಚ್ಚಿದವು, ಆದರೆ ಅಲ್ಲಿ ಪಳಗಿದ ಕೈಗಳು ಊರಲ್ಲೇ ಉಳಿದವು. ಹುಣಸೂರಿನ ಗಾಡಿಗಳಿಗೆ ಒಳ್ಳೆಯ ಹೆಸರು ಬಂದದ್ದು ಆ ಬಡಗಿಗಳಿಂದ. ನಾಗರಹೊಳೆ, ಕಾಕನಕೋಟೆ ಕಾಡುಗಳ ತೇಗ, ಹೊನ್ನೆ, ಮತ್ತಿ, ಬಿದಿರು ಇಲ್ಲಿಂದಲೇ ಸುತ್ತಲ ಸೀಮೆಗೆ ಹೋಗುತ್ತಿದ್ದವು. ಗಾಡಿ ಮಾಡುವವನೇ ಬಾಗಿಲು ಮಾಡುತ್ತಿದ್ದ, ಅಟ್ಟದ ತೊಲೆಯನ್ನೂ ಹೂಡುತ್ತಿದ್ದ.

ಅಷ್ಟರಲ್ಲಿ ಕರಾವಳಿಯಿಂದ ಹೊಸ ಹೊದಿಕೆಯೊಂದು ಘಟ್ಟ ಹತ್ತಲು ಸಿದ್ಧವಾಗುತ್ತಿತ್ತು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ. ಒಂದಕ್ಕೊಂದು ಕಚ್ಚಿಕೊಳ್ಳುವ ಆ ಹೆಂಚು ನಾಡಹೆಂಚಿಗಿಂತ ಹಗುರವಾದ ಮಾಡು ಕೊಟ್ಟಿತು, ಕೋತಿ ಓಡಾಡಿದರೂ ಅಷ್ಟಾಗಿ ಜಾರಲಿಲ್ಲ, ವರ್ಷವರ್ಷ ಕೈಯಾಡಿಸುವ ಕೆಲಸ ಕಡಿಮೆಯಾಯಿತು. ಅದಕ್ಕೊಂದು ಕೊರತೆ ಇತ್ತು. ನಾಡಹೆಂಚನ್ನು ಎರಡು ಮೂರು ಸಾಲು ಒಂದರ ಮೇಲೊಂದು ಹೊದಿಸುತ್ತಿದ್ದರಿಂದ ನಡುವೆ ಗಾಳಿ ನಿಲ್ಲುತ್ತಿತ್ತು. ಮಂಗಳೂರು ಹೆಂಚು ಒಂದೇ ಪದರ, ಬೇಗ ಕಾಯುತ್ತದೆ. ಆದರೂ ಕೆಳಗೆ ಅಟ್ಟ ಇರುವವರೆಗೆ ಅದು ಯಾರಿಗೂ ತೊಂದರೆ ಅನ್ನಿಸಲಿಲ್ಲ. ಕಾದದ್ದು ಹೆಂಚು, ಬಿಸಿ ಉಂಡದ್ದು ಅಟ್ಟದ ಮೇಲಿನ ತೆಂಗಿನಕಾಯಿ.

ಹೊಸ ಹೊದಿಕೆಯ ಕಾಲಕ್ಕೆ ಒಂದು ಇಡೀ ಊರೇ ಹೊಸದಾಗಿ ಎದ್ದದ್ದೂ ಇಲ್ಲಿ ಉಂಟು. 1924ರ ಕಾವೇರಿ ಮಹಾಪೂರದಲ್ಲಿ ಎಡತೊರೆ ಮುಳುಗಿತು. ನದಿಯಿಂದ ದೂರಕ್ಕೆ, ಅಳೆದು ಬೀದಿ ಹಾಕಿ, ಹೊಸ ಪಟ್ಟಣ ಕಟ್ಟಲಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಅದು ಕೃಷ್ಣರಾಜನಗರವಾಯಿತು. ಅಳತೆಯ ನಿವೇಶನದಲ್ಲಿ ತೊಟ್ಟಿ ಮನೆಯ ಹರವಿಗೆ ಜಾಗ ಕಡಿಮೆ. ಭತ್ತದ ಸೀಮೆಯಾದ್ದರಿಂದ ಅಟ್ಟ ಮಾತ್ರ ಬಿಡುವಂತಿರಲಿಲ್ಲ. ಮೂಟೆ ಇಡಲು ಒಣ ಜಾಗ ಬೇಕಲ್ಲ!

ಹೆಗ್ಗಡದೇವನಕೋಟೆಯ ಹಾಡಿಗಳ ಕಥೆ ಬೇರೆಯದು. ಜೇನುಕುರುಬರ, ಕಾಡುಕುರುಬರ ಮನೆಗೆ ಬಿದಿರ ತಡಿಕೆಗೆ ಮಣ್ಣು ಮೆತ್ತಿದ ಗೋಡೆ, ಕಾಡಿನ ಹುಲ್ಲಿನ ಮಾಡು. ಗೇಣುದ್ದ ದಪ್ಪದ ಒಣಹುಲ್ಲಿಗಿಂತ ಒಳ್ಳೆಯ ಶಾಖತಡೆ ಇವತ್ತಿನ ಅಂಗಡಿಯಲ್ಲೂ ಸುಲಭಕ್ಕೆ ಸಿಗದು. ಆದರೆ ಅದನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕು. 1974ರಲ್ಲಿ ಕಬಿನಿ ಅಣೆಕಟ್ಟೆ ತುಂಬಿ ಕಾಡಿನ ಭಾಗ ಮುಳುಗಿದ ಮೇಲೆ, ಉಳಿದದ್ದು ರಾಷ್ಟ್ರೀಯ ಉದ್ಯಾನವಾಗಿ ಬಿಗಿಯಾದ ಮೇಲೆ, ಹುಲ್ಲು ಕುಯ್ಯುವುದು, ಬಿದಿರು ಕಡಿಯುವುದು ಅಪರಾಧವಾಯಿತು. ಹಾಡಿಗೆ ಸಿಮೆಂಟ್ ಶೀಟು ಬಂತು. ಬೇಸಿಗೆಯಲ್ಲಿ ಜನ ಮನೆಯ ಹೊರಗೆ ಮರದಡಿ ಮಲಗುವುದು ಹಾಡಿಯ ಸೊಗಸೆಂದು ಪ್ರವಾಸಿಗಳು ತಿಳಿಯುತ್ತಾರೆ. ಅದು ಶೀಟಿನ ಫಲ.

ಬಯಲಿನ ಊರುಗಳಲ್ಲಿ ಬದಲಾವಣೆ ಇನ್ನೊಂದು ದಾರಿಯಲ್ಲಿ ಬಂತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ 1970ರ ದಶಕದಲ್ಲಿ ಜನತಾ ಮನೆಗಳ ಸಾಲುಗಳು ಎದ್ದವು. ಸೂರಿಲ್ಲದವರಿಗೆ ಸೂರು ಸಿಕ್ಕಿತು. ಅದನ್ನು ಕಡಿಮೆಯೆಂದು ಯಾರೂ ಹೇಳಲಾರರು. ಆದರೆ ಸರ್ಕಾರಿ ನಕ್ಷೆಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಮೇಲೆ ಹೆಂಚು. ಅಟ್ಟಕ್ಕೆ ಜಾಗವಿಲ್ಲ, ಹಣವಂತೂ ಇಲ್ಲವೇ ಇಲ್ಲ. ಮುಂದಿನ ದಶಕಗಳಲ್ಲಿ ಹೆಂಚಿನ ಜಾಗಕ್ಕೆ ಆರ್‌ಸಿಸಿ ತಾರಸಿ ಬಂದಾಗ, ಹೆಂಚು ಮತ್ತು ಅಟ್ಟ ಎರಡರ ಕೆಲಸವನ್ನೂ ನಾಲ್ಕೈದು ಅಂಗುಲದ ಕಾಂಕ್ರೀಟೇ ಮಾಡುತ್ತದೆಂದು ಎಲ್ಲರೂ ನಂಬಿದರು. ಅಟ್ಟ ಹತ್ತಿದ ಮೇಲೆ ಏಣಿ ಒದ್ದರಂತೆ ಎಂಬ ಗಾದೆಯಿದೆ. ಇಲ್ಲಿ ಒದ್ದದ್ದು ಅಟ್ಟವನ್ನೇ.

ಕಾಂಕ್ರೀಟು ಭಾರ ಹೊರುತ್ತದೆ, ಮಳೆ ತಡೆಯುತ್ತದೆ, ಬಿಸಿಯನ್ನು ತಡೆಯುವುದಿಲ್ಲ. ಭಾರತೀಯ ಮಾನಕ ಬ್ಯೂರೋ 1987ರಲ್ಲಿ ಹೊರತಂದ ಕಟ್ಟಡ ಕೈಪಿಡಿಯಲ್ಲಿ ವಸ್ತುಗಳು ಎಷ್ಟು ಶಾಖ ಹಾಯಿಸುತ್ತವೆ ಎಂಬ ಪಟ್ಟಿಯಿದೆ. ಆ ಲೆಕ್ಕದಲ್ಲಿ ಆರ್‌ಸಿಸಿಯ ಅಂಕ 1.58. ತಾರಸಿಗೆ ಹಾಸುವ ಹುಲ್ಲು ಬೆರೆತ ಮಣ್ಣಿನದು ಸುಮಾರು 0.52, ಭತ್ತದ ಹೊಟ್ಟಿನದು 0.05, ಥರ್ಮೋಕೋಲಿನದು 0.035. ಅಂದರೆ ಅಷ್ಟೇ ದಪ್ಪದ ಮಣ್ಣಿಗಿಂತ ಕಾಂಕ್ರೀಟು ಮೂರು ಪಟ್ಟು, ಹೊಟ್ಟಿಗಿಂತ ಮೂವತ್ತು ಪಟ್ಟು ಬಿಸಿಯನ್ನು ಒಳಗೆ ಬಿಡುತ್ತದೆ. ಅದರ ಮೇಲೆ, ಹಗಲೆಲ್ಲ ಹೀರಿದ್ದನ್ನು ಅದು ಸಂಜೆ ಆರರಿಂದ ನಡುರಾತ್ರಿಯವರೆಗೆ ಕೆಳಗೆ ಕಾರುತ್ತದೆ, ಸರಿಯಾಗಿ ಜನ ಊಟ ಮಾಡಿ ಮಲಗುವ ಹೊತ್ತಿಗೆ.

ಮನುಷ್ಯರ ಮನೆಯಿಂದ ಹೊರಬಿದ್ದ ಹುಲ್ಲಿಗೆ ಆಶ್ರಯ ಕೊಟ್ಟದ್ದು ಬ್ಯಾರನ್. ಅದರ ಹುಟ್ಟಿನ ಕಥೆ ಅಮೆರಿಕದ ನಾರ್ತ್ ಕೆರೊಲಿನಾದ್ದು. 1839ರಲ್ಲಿ ಅಲ್ಲಿನ ಕ್ಯಾಸ್ವೆಲ್ ಕೌಂಟಿಯಲ್ಲಿ ಸ್ಲೇಡ್ ಎಂಬ ಜಮೀನುದಾರನ ಗುಲಾಮ ಸ್ಟೀಫನ್, ತಂಬಾಕು ಒಣಗಿಸುವ ಬೆಂಕಿ ಆರುತ್ತಿದ್ದಾಗ ಗಡಿಬಿಡಿಯಲ್ಲಿ ಇದ್ದಿಲು ಹಾಕಿದನಂತೆ. ಹೊಗೆಯಿಲ್ಲದ ಆ ಕಡುಬಿಸಿಯಲ್ಲಿ ಎಲೆ ಹೊಳೆಯುವ ಹಳದಿಗೆ ತಿರುಗಿತಂತೆ. ಆಮೇಲೆ ಇದ್ದಿಲು ಹೋಗಿ, ಹೊರಗಿನ ಒಲೆಯಿಂದ ಒಳಗೆ ತಗಡಿನ ಕೊಳವೆ ಹಾಯಿಸುವ ಪದ್ಧತಿ ಬಂತು. ಹೊಗೆ ಕೊಳವೆಯಲ್ಲೇ ಹೊರಗೆ ಹೋಗುತ್ತದೆ, ಬಿಸಿ ಮಾತ್ರ ಸೊಪ್ಪಿಗೆ ತಾಗುತ್ತದೆ. 1920ರ ದಶಕದಲ್ಲಿ ಗುಂಟೂರಿನಲ್ಲಿ ಬೇರೂರಿದ ಈ ವರ್ಜೀನಿಯಾ ತಂಬಾಕು ಮೈಸೂರಿನ ಹಗುರ ಕೆಮ್ಮಣ್ಣಿಗೂ ಒಗ್ಗಿತು. 1976ರಲ್ಲಿ ತಂಬಾಕು ಮಂಡಳಿ ಕೆಲಸ ಆರಂಭಿಸಿತು. 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿ ಬಂತು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ ಎಂಬ ಊರ ಹೆಸರುಗಳು ದೇಶವಿದೇಶದ ಸಿಗರೇಟು ಕಂಪನಿಗಳ ಖರೀದಿದಾರರ ಬಾಯಲ್ಲಿ ಓಡಾಡತೊಡಗಿದವು.

ಈ ಸೀಮೆಯ ಹಳೆಯ ಬ್ಯಾರನ್ ಎಂದರೆ ಸಾಮಾನ್ಯವಾಗಿ ಹದಿನಾರು ಅಡಿ ಉದ್ದ, ಹದಿನಾರು ಅಡಿ ಅಗಲದ ಒಂದು ಗೂಡು, ಹೆಚ್ಚುಕಡಿಮೆ ಅಷ್ಟೇ ಎತ್ತರ. ಒಳಗೆ ಅಂತಸ್ತು ಅಂತಸ್ತಾಗಿ ಅಡ್ಡಗಳು. ಕಡ್ಡಿಗಳಿಗೆ ಕಟ್ಟಿದ ಹಸಿ ಸೊಪ್ಪನ್ನು ಕೆಳಗಿನಿಂದ ಮೇಲಿನವರೆಗೆ ತೂಗುಹಾಕುತ್ತಾರೆ. ಮೊದಲು 32ರಿಂದ 40 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ನಿಧಾನಕ್ಕೆ ಹಳದಿ ಬರಿಸಬೇಕು. ಇಲ್ಲಿ ಅವಸರಪಟ್ಟರೆ ಎಲೆ ಹಸಿರಾಗಿಯೇ ಬೇಯುತ್ತದೆ. ಆಮೇಲೆ ಬಿಸಿ ಏರಿಸಿ ಎಲೆಯ ಹಾಳೆಯನ್ನು ಒಣಗಿಸಬೇಕು, ಕೊನೆಗೆ 70 ಡಿಗ್ರಿಯ ಆಸುಪಾಸಿಗೆ ಒಯ್ದು ದಂಟನ್ನು ಒಣಗಿಸಬೇಕು. ಒಂದು ರಾತ್ರಿ ಬಿಸಿ ಹಿಡಿತ ತಪ್ಪಿದರೆ ಹರಾಜಿನಲ್ಲಿ ದರ್ಜೆ ಕೆಳಗಿಳಿಯುತ್ತದೆ, ವರ್ಷದ ದುಡಿಮೆಯ ಒಂದು ಭಾಗ ಹೋಗುತ್ತದೆ. ಹಾಗಾಗಿ ಐಐಟಿಯ ಮೆಟ್ಟಿಲು ಹತ್ತದ ರೈತನಿಗೂ ಬಿಸಿ ಎಲ್ಲಿ ನಿಲ್ಲುತ್ತದೆ, ಎಲ್ಲಿ ಸೋರುತ್ತದೆ ಎಂಬುದು ಗೊತ್ತು.

ಸೋರುವುದು ಮಾಡಿನಲ್ಲಿ. ಬಿಸಿಗಾಳಿ ಮೇಲೇರುತ್ತದೆ, ಮೇಲಿರುವುದು ಬರಿಯ ಹೆಂಚೋ ಶೀಟೋ. ಹಳೆಯ ಬ್ಯಾರನ್‌ಗಳಲ್ಲಿ ಒಂದು ಕಿಲೋ ಸೊಪ್ಪು ಹದವಾಗಲು ನಾಲ್ಕೈದು ಕಿಲೋ ಸೌದೆ ಉರಿಯುತ್ತಿತ್ತು. ಒಂದು ಕಾಲಕ್ಕೆ ಆ ಸೌದೆ ಬಂದದ್ದು ಕಾಡಿನಿಂದ. ಆಮೇಲೆ ಹೊಲದ ಬದುವಿನ ಹುಣಸೆ, ಮಾವು, ಹೊಂಗೆಗಳಿಂದ. ಆಮೇಲೆ ನೀಲಗಿರಿ, ಸರ್ವೆ, ಸಿಲ್ವರ್ ಓಕ್. ಸೌದೆಯ ಬೆಲೆ ಏರಿದಾಗಲೇ ಮಾಡಿನ ಬಗ್ಗೆ ಯೋಚನೆ ಬಂದದ್ದು. ರಾಜಮಂಡ್ರಿಯ ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆ ಮತ್ತು ಅದರ ಹುಣಸೂರಿನ ಕೇಂದ್ರದವರು ಹೇಳಿದ್ದು ಬಹಳ ಸರಳ: ಹೆಂಚಿನ ಕೆಳಗೆ ಶಾಖತಡೆಯ ಒಂದು ಪದರ ಕೊಡಿ. ಗಾಜುನಾರು ಹಾಕಬಹುದು, ಕೈಗೆಟುಕದಿದ್ದರೆ ಭತ್ತದ ಹುಲ್ಲು. ಗೋಡೆಯ ಬಿರುಕು ಮುಚ್ಚಿ, ಬಾಗಿಲನ್ನು ಬಿಗಿ ಮಾಡಿ. ಸೌದೆಯ ಜೊತೆಗೆ ಪಕ್ಕದ ಕೊಡಗಿನ ಕಾಫಿ ಹೊಟ್ಟನ್ನೂ ಉರಿಸಿ.

ಕೃಷ್ಣರಾಜನಗರದ ಗದ್ದೆಯ ಹುಲ್ಲು, ಹುಣಸೂರಿನ ಅಟ್ಟದ ಬುದ್ಧಿ. ಹೊಸ ವಿಜ್ಞಾನವೆಂದು ಬಂದದ್ದು ಅಜ್ಜನ ಕೊಟ್ಟಿಗೆಯ ಲೆಕ್ಕವೇ. ವ್ಯತ್ಯಾಸವಿದ್ದದ್ದು ಮಣ್ಣಿನಲ್ಲಿ. ಅಜ್ಜ ಹುಲ್ಲಿನ ಮೇಲೆ ಮಣ್ಣು ಮೆತ್ತಿದ್ದ. ಬರಿಯ ಒಣಹುಲ್ಲು, ಒಣ ಸೊಪ್ಪು, ಕಾದ ಕೊಳವೆ ಒಂದೇ ಸೂರಿನಡಿ ಇರುವಾಗ ಒಂದು ಕಡ್ಡಿ ಕಳಚಿ ಕೊಳವೆಯ ಮೇಲೆ ಬಿದ್ದರೆ ಸಾಕು. ಬ್ಯಾರನ್‌ಗೆ ಬೆಂಕಿ ಬಿದ್ದು ಲಕ್ಷಾಂತರ ರೂಪಾಯಿ ನಷ್ಟ ಎಂಬ ಸುದ್ದಿ ಮೈಸೂರಿನ ಪತ್ರಿಕೆಗಳಲ್ಲಿ ಪ್ರತಿ ಹಂಗಾಮಿನಲ್ಲೂ ಬರುತ್ತದೆ.

ಈಗ ಟ್ರ್ಯಾಕ್ಟರ್ ಶೆಡ್ಡಿನ ಮೇಲಿನ ರೂಮಿಗೆ ಬರಬಹುದು. ತಂಬಾಕಿನ ಹಣ ಒಳ್ಳೆಯದಾಗಿ ಬಂದ ವರ್ಷಗಳಲ್ಲಿ ಎದ್ದ ರೂಮುಗಳು ಇವು. ಹುಣಸೂರು, ಕೃಷ್ಣರಾಜನಗರದ ಹೊಸ ಬಡಾವಣೆಗಳಲ್ಲಿ ಟ್ರ್ಯಾಕ್ಟರಿನ ಜಾಗದಲ್ಲಿ ಕಾರು, ಅಷ್ಟೇ. ಮನೆಯ ಬೇರೆ ಕೋಣೆಗಳಿಗೆ ಒಂದೋ ಎರಡೋ ಗೋಡೆ ಹೊರಗಿನ ಗಾಳಿಗೆ ತಾಗಿರುತ್ತವೆ. ಶೆಡ್ಡಿನ ಮೇಲಿನ ರೂಮಿಗೆ ಮೂರು ಗೋಡೆ ಹೊರಗೆ, ತಾರಸಿ ಬಿಸಿಲಿಗೆ, ನೆಲದ ಕೆಳಗೂ ಶಟರ್ ಎತ್ತಿದ ಖಾಲಿ ಜಾಗ. ಕೊಟ್ಟಿಗೆಯಲ್ಲಿ ಮೂರು ರಾಸು ಬಿಸುಪು ಕೊಡುತ್ತಿದ್ದವು. ಟ್ರ್ಯಾಕ್ಟರ್ ಕೊಡುವುದು ಡೀಸೆಲ್ ವಾಸನೆ. ಮನೆಯಲ್ಲಿ ಅತ್ಯಂತ ಹೆಚ್ಚು ರಕ್ಷಣೆ ಬೇಕಾದ ಕೋಣೆಗೆ ಅತ್ಯಂತ ಕಡಿಮೆ ಖರ್ಚು ಮಾಡುವುದು ನಮ್ಮ ರೂಢಿಯಾಗಿದೆ: ನಾಲ್ಕಂಗುಲದ ಸಿಮೆಂಟ್ ಇಟ್ಟಿಗೆಯ ಗೋಡೆ, ಮೇಲೆ ಬರಿಯ ತಾರಸಿಯೋ ಶೀಟೋ, ಮಿಕ್ಕದ್ದನ್ನು ಫ್ಯಾನ್ ನೋಡಿಕೊಳ್ಳುತ್ತದೆ. ಫ್ಯಾನ್ ಬಿಸಿಗಾಳಿಯನ್ನೇ ತಿರುಗಿಸುತ್ತದೆ.

ಕಾಂಕ್ರೀಟಿನೊಳಗೇ ಅಟ್ಟವನ್ನು ಅಡಗಿಸಿದವರೂ ಇದ್ದಾರೆ. ತಿರುವನಂತಪುರದಲ್ಲಿ ಲಾರಿ ಬೇಕರ್ ತಾರಸಿ ಹಾಕುವಾಗ ಕಬ್ಬಿಣದ ನಡುವೆ ಎರಡೆರಡು ಮಂಗಳೂರು ಹೆಂಚು ಜೋಡಿಸಿ ಕಾಂಕ್ರೀಟು ಸುರಿಸಿದರು. ಹೆಂಚುಗಳ ನಡುವೆ ಸಿಕ್ಕಿಬಿದ್ದ ಗಾಳಿ ಬಿಸಿಯನ್ನು ತಡೆಯಿತು, ಸಿಮೆಂಟೂ ಉಳಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ತಂಡದವರು, ಅವರಲ್ಲಿ ಮುಖ್ಯವಾಗಿ ಕೆ.ಎಸ್. ಜಗದೀಶ್, ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಮತ್ತೆ ಮರ್ಯಾದೆಗೆ ತಂದರು. ಹಳೆಯ ಹೆಂಚಿನ ಮನೆ ಕೆಡವಿದಾಗ ರಾಶಿ ಬೀಳುವ ಹೆಂಚು ಈ ನಾಲ್ಕು ತಾಲ್ಲೂಕಿನ ಎಲ್ಲ ಊರಲ್ಲೂ ಇದೆ. ಅದನ್ನು ಹೊಸ ತಾರಸಿಯ ಹೊಟ್ಟೆಗೆ ಹಾಕುವ ಬದಲು ರಸ್ತೆಯ ಗುಂಡಿಗೆ ಹಾಕುತ್ತೇವೆ.

ತಾರಸಿ ಆಗಲೇ ಬಿದ್ದಿದ್ದರೂ ಮಾಡಬಹುದಾದ್ದು ಉಂಟು. ಶಾಖತಡೆಯನ್ನು ಒಳಗಿನಿಂದ ಅಂಟಿಸುವುದಕ್ಕಿಂತ ತಾರಸಿಯ ಮೇಲೆ ಹಾಸುವುದು ಮೇಲು. ಕಾಂಕ್ರೀಟು ಕಾಯುವುದೇ ತಪ್ಪುತ್ತದೆ. ಇಳಿಜಾರು ಕೊಟ್ಟು ಹಾಸುವ ಇಟ್ಟಿಗೆ ಚೂರು-ಸುಣ್ಣದ ಗಾರೆ ಅಟ್ಟದ ಮಣ್ಣಿಗೆ ಹತ್ತಿರದ ನೆಂಟ. ಅದರ ಕೆಳಗೆ ಎರಡಂಗುಲ ಥರ್ಮೋಕೋಲಿನ ಗಟ್ಟಿ ಹಾಳೆ ಸೇರಿದರೆ ರೂಮೇ ಬೇರೆ. ಅಷ್ಟು ಹಣವಿಲ್ಲದವರು ಬೇಸಿಗೆಗೆ ಮುಂಚೆ ತಾರಸಿಗೆ ಬಿಳಿ ಸುಣ್ಣ ಬಳಿದರೂ ಬಿಸಿಲಿನ ದೊಡ್ಡ ಪಾಲು ಮೇಲಕ್ಕೇ ಮರಳುತ್ತದೆ. ಶೀಟಿನ ರೂಮಾದರೆ ಶೀಟಿನಿಂದ ಗೇಣು ಕೆಳಗೆ ಒಂದು ಒಳಮಾಡು ಕಟ್ಟಿ, ನಡುವಿನ ಬಿಸಿಗಾಳಿ ಹೊರಹೋಗಲು ಎರಡೂ ತುದಿಯಲ್ಲಿ ಕಂಡಿ ಬಿಡಬೇಕು. ಶೆಡ್ಡಿನ ಕಡೆಗೆ ಮಾತ್ರ ಥರ್ಮೋಕೋಲನ್ನು ಬಯಲಿಗೆ ಬಿಡಕೂಡದು. ಡೀಸೆಲ್ಲು, ಬ್ಯಾಟರಿ, ವೈರಿಂಗು ಇರುವ ಜಾಗದಲ್ಲಿ ಅದು ಕರಗಿ ಉರಿಯುತ್ತದೆ, ಹೊಗೆ ನೇರ ಮೇಲಿನ ರೂಮಿಗೆ. ಗಾರೆ ಮಾಡಿ ಮುಚ್ಚಬೇಕು. ಸಂದುಗಳನ್ನೂ ಬ್ಯಾರನ್ನಿನ ಬಾಗಿಲಿಗೆ ಮೆತ್ತುವಷ್ಟೇ ಕಾಳಜಿಯಿಂದ ಮುಚ್ಚಬೇಕು. ಹೊಗೆ ಬರುವುದು ಅಲ್ಲಿಂದಲೇ.

ಕೇಂದ್ರ ಸರ್ಕಾರ 2018ರಲ್ಲಿ ತಂದ ‘ಎಕೋ ನಿವಾಸ್ ಸಂಹಿತೆ’ ವಸತಿ ಕಟ್ಟಡದ ತಾರಸಿ ಎಷ್ಟು ಶಾಖ ಬಿಡಬಹುದು ಎಂಬುದಕ್ಕೆ ಮಿತಿ ಹಾಕಿದೆ. ಬರಿಯ ಆರ್‌ಸಿಸಿ ತಾರಸಿ ಬಿಡುವುದು ಆ ಮಿತಿಯ ಸುಮಾರು ಮೂರು ಪಟ್ಟು. ಆದರೆ ಸಂಹಿತೆ ಬರೆದದ್ದು ದೊಡ್ಡ ನಿವೇಶನಗಳನ್ನೂ ವಸತಿ ಸಮುಚ್ಚಯಗಳನ್ನೂ ಕಣ್ಣಲ್ಲಿಟ್ಟುಕೊಂಡು. ಚಿಲ್ಕುಂದದ ಟ್ರ್ಯಾಕ್ಟರ್ ಶೆಡ್ಡು ಅದರ ಲೆಕ್ಕಕ್ಕೆ ಬರುವುದಿಲ್ಲ. ಕಾಯ್ದೆ ಬಂದು ಕದ ತಟ್ಟುವವರೆಗೆ ಕಾಯುವುದರಲ್ಲಿ ಅರ್ಥವಿಲ್ಲ. ಈ ಹಂಗಾಮಿಗೆ ಬ್ಯಾರನ್ ದುರಸ್ತಿಗೆಂದು ಹುಲ್ಲು, ಗಾಜುನಾರು, ಮೇಸ್ತ್ರಿ ಹೇಗೂ ಮನೆಗೆ ಬರುತ್ತಾರೆ. ಅದೇ ವಾರ ಮೇಸ್ತ್ರಿಯನ್ನು ಇನ್ನೆರಡು ದಿನ ನಿಲ್ಲಿಸಿಕೊಂಡು ಶೆಡ್ಡಿನ ಮೇಲಿನ ತಾರಸಿಯನ್ನೂ ತೋರಿಸಿ.